ಹೆಸರು ಕೇಳಲು ಬಂದವಳು

“ಅವಳು ಯಾರು ಅಂತ ಗೊತ್ತಾದ್ರೆ ಸಾಕು ಮೇಡಂ. ಬೇರೇನೂ ಬೇಡ ನಂಗೆ.”

ಹಾಗೆಂದು ವೇಣಿ ಎಂಬ ಆ ಹೆಂಗಸು ಗಂಡನ ಫೋಟೊವನ್ನು ಮೇಜಿನ ಮೇಲಿಟ್ಟಳು. ಗಂಡ ಪ್ರಸನ್ನನ ತಿಥಿಯಾಗಿ ವಾರವೂ ಕಳೆದಿರಲಿಲ್ಲ. ಬೆಂಗಳೂರಿನ ಹೂಡಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಶೋಭಾರಾಣಿ ಮೇಡಂ ಅವರ ಪತ್ತೇದಾರಿ ಕಚೇರಿ. ಹೆಚ್ಚಾಗಿ ಮದುವೆಗೆ ಮುಂಚೆ ಗಂಡು ಹೆಣ್ಣಿನ ಗುಣನಡತೆ ವಿಚಾರಿಸುವ ಕೆಲಸ. ಕೋಣೆ ಬಾಡಿಗೆಗೆ ಕೊಟ್ಟ ಅನುಸೂಯಮ್ಮ ನಾನು. ಜನರ ಮಾತು ಕೇಳುವ ಚಪಲ ಮೊದಲಿಂದಲೂ ಇತ್ತು. ಬರಬರುತ್ತಾ ಮೇಡಂ ಜೊತೆ ತಿರುಗುವವಳೂ ನಾನೇ ಆಗಿದ್ದೆ.

ವೇಣಿ ಹೇಳಿದ್ದಿಷ್ಟು. ಪಟ್ಟಂದೂರು ಅಗ್ರಹಾರದಲ್ಲಿ, ಐಟಿ ಪಾರ್ಕಿನ ಕಾಂಪೌಂಡಿಗೆ ಬೆನ್ನು ಕೊಟ್ಟು ನಿಂತ ಕಟ್ಟಡದ ಎರಡನೇ ಮಹಡಿಯಲ್ಲಿ ಅವರ ಬಾಡಿಗೆ ಮನೆ. ಅಂದು ಬೆಳಿಗ್ಗೆ ನಲ್ಲಿಯಲ್ಲಿ ನೀರು ನಿಂತಿತ್ತು. ಟ್ಯಾಂಕು ನೋಡಲು ಟೆರೇಸಿಗೆ ಹೋದ ಪ್ರಸನ್ನ ಕೆಳಗೆ ಬಿದ್ದು ಸತ್ತಿದ್ದ. ಕಾಲು ಜಾರಿತು ಎಂದು ಪೊಲೀಸರು ಅಪಘಾತವೆಂದೇ ಬರೆದುಕೊಂಡಿದ್ದರು. ಯಾರೋ ತಳ್ಳಿದ್ದಾರೆ, ಅದಕ್ಕೆಲ್ಲ ಮೂಲ ಅವನು ಇಟ್ಟುಕೊಂಡಿದ್ದ ಹೆಂಗಸು, ಆ ಹೆಂಗಸನ್ನು ಹುಡುಕಿಕೊಡಿ ಎಂಬುದು ವೇಣಿಯ ಬೇಡಿಕೆ.

ಹೆಂಗಸಿದ್ದಾಳೆಂದು ಹೇಗೆ ಗೊತ್ತು ಎಂದು ಮೇಡಂ ಕೇಳಿದರು. ಹೊಸ ಶರ್ಟು ತಗೊಂಡಿದ್ದ ಎಂದಳು. ಫೋನಿಗೆ ಬೀಗ ಹಾಕುತ್ತಿದ್ದ. ಬೈದ ಮೇಲೆ ಬೀಗ ತೆಗೆದ. ಅಂದರೆ ಒಳಗಿದ್ದದ್ದನ್ನೆಲ್ಲ ಅಳಿಸಿದ್ದಾನೆ ಅಂತಲೇ ಅಲ್ಲವೇ ಎಂದಳು.

ಅವಳನ್ನು ಗೇಟಿನವರೆಗೆ ಕಳಿಸಲು ಹೋದೆ. ಬೇರೆ ಮಾತು ತೋಚದೆ, ಸೊಂಟ ದಾಟಿದ ಅವಳ ಜಡೆ ನೋಡಿ, ಈ ಕಡೆಯ ಬೋರ್ ನೀರಿಗೆ ನಮ್ಮೆಲ್ಲರ ತಲೆ ಬೋಳಾಗುತ್ತಿದೆ, ನಿನ್ನದು ಹೇಗಮ್ಮ ಉಳಿಯಿತು ಎಂದುಬಿಟ್ಟೆ.

“ಆ ನೀರು ತಲೆಗೆ ಸೋಕ್ಸೋದೇ ಇಲ್ಲ ಅಕ್ಕ. ಕುಡಿಯೋ ಕ್ಯಾನ್ ನೀರೇ ಕಾಯಿಸ್ಕೊಂಡು ಹಾಕ್ಕೋತೀನಿ,” ಎಂದವಳು, ಗೇಟು ದಾಟಿದ ಮೇಲೆ ತಿರುಗಿ ನಿಂತು ಕೇಳಿದಳು. “ಹೆಸರು ಸಿಕ್ಕಿದ ತಕ್ಷಣ ಫೋನ್ ಮಾಡ್ತೀರಲ್ವಾ?”

ನಾನು ಹೂಂ ಎನ್ನುವವರೆಗೆ ಅವಳು ಅಲ್ಲಿಂದ ಕದಲಲಿಲ್ಲ.

ಮಾರನೆಯ ದಿನ ಅಗ್ರಹಾರಕ್ಕೆ ಹೋದೆವು. ಮಟಮಟ ಮಧ್ಯಾಹ್ನ, ಆದರೂ ಎಲ್ಲ ಮನೆಗಳ ಬಾಗಿಲಿಗೂ ಚಿಲಕ ಬಿದ್ದಿತ್ತು. ನೆಲಮಹಡಿಯಲ್ಲಿದ್ದ ಮಾಲಕಿ ನಾಗಲಕ್ಷ್ಮಮ್ಮ ಕೂಡ ಕಿಟಕಿಯಲ್ಲಿ ಇಣುಕಿ ನೋಡಿದ ಮೇಲೆಯೇ ಬಾಗಿಲು ತೆಗೆದರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಎಬ್ಬಿಸಿದ ಕಟ್ಟಡ ಅದು. ಇನ್ನೊಂದು ಮಹಡಿ ಹಾಕುವ ಆಸೆಗೆ ಟೆರೇಸಿನಲ್ಲಿ ಕಂಬಿಗಳನ್ನು ಚಾಚಿಕೊಂಡಂತೆಯೇ ಬಿಟ್ಟಿದ್ದರು. ಟ್ಯಾಂಕುಗಳಿದ್ದ ಪಕ್ಕದಲ್ಲಿ ಅಡ್ಡಗೋಡೆಯೇ ಇರಲಿಲ್ಲ. ನಾನು ಅಂಚಿಗೆ ಹೋಗದೆ ಕಂಬಿಯೊಂದನ್ನು ಹಿಡಿದೇ ನಿಂತೆ.

“ಒಂದೊಂದು ಮನೆಗೂ ಒಂದೊಂದು ಟ್ಯಾಂಕು. ಅವತ್ತು ಬಂದು ನೋಡ್ತೀನಿ, ಎರಡ್ನೇ ಮಹಡೀದು ಟ್ಯಾಂಕ್ ತುಂಬೈತೆ, ವಾಲ್ವ್ ಮಾತ್ರ ಯಾರೋ ತಿರುವ್ಬಿಟ್ಟವ್ರೆ,” ಎಂದರು ನಾಗಲಕ್ಷ್ಮಮ್ಮ.

“ಆ ಹೊತ್ತಿಗೆ ವೇಣಿ ಎಲ್ಲಿದ್ರು?”

“ಬಚ್ಚಲಾಗೆ ಕಣಮ್ಮ. ಜನದ ಕೂಗು ಕೇಳಿ ಮೆಟ್ಲು ಹತ್ತಿದ್ರೆ, ತಲೆ ತುಂಬ ನೊರೆ ಇಟ್ಕಂಡು ಇಳಿದ್ಬಂದ್ಲು ಪಾಪ. ‘ತಲೆಗೆ ಹಾಕ್ಕಂತಿದ್ದೆ, ನಲ್ಲಿ ನಿಂತೋಯ್ತು, ನಾನೇ ನೋಡ್ಕಂಬಾ ಅಂತ ಕಳಿಸ್ದೆ’ ಅಂತ ಎದೆ ಎದೆ ಬಡ್ಕಂಡ್ಲು.”

ಮೊದಲ ಮಹಡಿಯ ವನಜಾ ನಮ್ಮನ್ನು ಕಂಡದ್ದೇ ಅಳತೊಡಗಿದಳು. ಐಟಿ ಪಾರ್ಕಿನ ರಿಸೆಪ್ಷನ್‌ನಲ್ಲಿ ಅವಳ ಕೆಲಸ; ಪ್ರಸನ್ನ ಆ ಪಾರ್ಕಿನಲ್ಲೇ ಕಟ್ಟಡದ ಉಸ್ತುವಾರಿ ನೋಡಿಕೊಳ್ಳುತ್ತಿದ್ದವನು. ಲಿಫ್ಟಿಲ್ಲದ ಆ ಮನೆಗೆ ಒಮ್ಮೆ ಅವಳ ನೀರಿನ ಕ್ಯಾನನ್ನು ಹೊತ್ತು ತಂದುಕೊಟ್ಟಿದ್ದನಂತೆ. ಅಷ್ಟಕ್ಕೇ ಅವಳ ಗಂಡ ಶಶಿಕುಮಾರ್, ಪೀಣ್ಯದ ಕಾರ್ಖಾನೆಯೊಂದರ ಫಿಟ್ಟರು, ಬೀದಿಯೆಲ್ಲ ಕೇಳುವಂತೆ ಜಗಳ ತೆಗೆದು ಪ್ರಸನ್ನನ ಕೊರಳಪಟ್ಟಿ ಹಿಡಿದಿದ್ದ. ಸಾವಿನ ದಿನ ರಾತ್ರಿಪಾಳಿ ಮುಗಿಸಿ ಬಂದು ಮನೆಯಲ್ಲೇ ಮಲಗಿದ್ದನಂತೆ. ಮಲಗಿದ್ದನೋ ಇಲ್ಲವೋ, ಕೆಲಸಕ್ಕೆ ಹೋಗಿದ್ದ ವನಜಾಗೆ ಗೊತ್ತಿರಲಿಲ್ಲ.

ಬಾಗಿಲ ಹಿಂದೆ ಬಚ್ಚಿಟ್ಟಿದ್ದ ಚೀಲವೊಂದನ್ನು ಅವಳು ಸುರಿದಳು. ಒಳಗಿದ್ದದ್ದು ಚಪ್ಪಲಿಗಳು. ಎಲ್ಲದರ ಪಟ್ಟಿಯನ್ನೂ ಕತ್ತರಿಸಲಾಗಿತ್ತು.

“ಹೊರಗೆ ಬಿಟ್ಟಿದ್ದನ್ನ ಬೆಳಗಾಗೋ ಅಷ್ಟ್ರಲ್ಲಿ ಯಾರೋ ಕತ್ತರಿಸಿರ್ತಾರೆ ಮೇಡಂ. ಪ್ರಸನ್ನ ಅಣ್ಣ ಹೋದ್ಮೇಲೂ ನಿಂತಿಲ್ಲ. ಇವರೇ ಮಾಡ್ತಿದಾರಾ ಅಂತ ಕೇಳೋಕೂ ಭಯ. ಇವರ ಪಕ್ಕದಲ್ಲೇ ಮಲಗ್ಬೇಕಲ್ಲ ನಾನು.”

ಯಾರೋ ತಳ್ಳಿದ್ದಾರೆಂದು ವೇಣಿ ಠಾಣೆಗೂ ದೂರು ಕೊಟ್ಟಿದ್ದರಿಂದ ಎಸ್‌ಐ ಸಿದ್ದರಾಜು ಅಂದು ಸಂಜೆ ಶಶಿಕುಮಾರನನ್ನು ವಿಚಾರಣೆಗೆ ಕರೆದೊಯ್ದು, ಬೆಳಗಿನವರೆಗೆ ಅಲ್ಲೇ ಕೂರಿಸಿಕೊಂಡರು. ವನಜಾಗೆ ಒಬ್ಬಳೇ ಇರಲು ಹೆದರಿಕೆಯಾಗಿ ನನ್ನನ್ನು ಉಳಿಸಿಕೊಂಡಳು. ನಾನು ಮಲಗಿದೆ, ನಿದ್ದೆ ಬರಲಿಲ್ಲ. ಯಾರೋ ಬಾಗಿಲಾಚೆ ಉಸಿರು ಬಿಡುತ್ತಿದ್ದಾರೆ ಅನ್ನಿಸಿದರೂ ಎದ್ದು ನೋಡುವ ಧೈರ್ಯವಾಗಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಅವಳ ಚಪ್ಪಲಿಯ ಪಟ್ಟಿಯನ್ನು ಯಾರೋ ಕತ್ತರಿಸಿದ್ದರು. ಪಕ್ಕದಲ್ಲೇ ಇದ್ದ ನನ್ನದಕ್ಕೆ ಏನೂ ಆಗಿರಲಿಲ್ಲ.

ಫೋನಿನಲ್ಲಿ ಇದನ್ನು ಕೇಳಿದ ಮೇಡಂ, ರಾತ್ರಿ ಗೇಟಿಗೆ ಬೀಗ ಹಾಕಿತ್ತೇ ಎಂದು ವಿಚಾರಿಸಿದರು; ಒಳಗಿಂದ ಹಾಕಿತ್ತು ಎಂದೆ. ಆಮೇಲೆ ಅವರ ದನಿಯೇ ಬದಲಾಗಿತ್ತು. “ಅನುಸೂಯಮ್ಮ, ವೇಣಿ ಏನೇ ಕೇಳಲಿ, ನಿಮ್ಮ ಬಾಯಿಂದ ಯಾವ ಹೆಂಗಸಿನ ಹೆಸರೂ ಬರಬಾರದು. ತಮಾಷೆಗೂ ಬರಬಾರದು. ಆ ಹುಡುಗಿಯನ್ನ ಬಿಟ್ಟು ಅಲ್ಲಾಡಬೇಡಿ. ನಾನು ಬಂದೆ.”

ಹತ್ತು ಗಂಟೆಯ ಹೊತ್ತಿಗೆ ಸಿದ್ದರಾಜು ಸಹಿತ ಎಲ್ಲರೂ ನಾಗಲಕ್ಷ್ಮಮ್ಮನ ಹಾಲ್‌ನಲ್ಲಿ ಸೇರಿದ್ದರು. ಶಶಿಕುಮಾರ್ ತಲೆ ಬಗ್ಗಿಸಿ ಮೂಲೆಯಲ್ಲಿ ನಿಂತಿದ್ದ. ವನಜಾ ನನಗೆ ಅಂಟಿಕೊಂಡೇ ಕೂತಿದ್ದಳು. ವೇಣಿ ಕುರ್ಚಿಯ ಅಂಚಿನಲ್ಲಿ ಕೂತು ಮೇಡಂ ಬಾಯನ್ನೇ ನೋಡುತ್ತಿದ್ದಳು.

ಮೇಡಂ ಮೊದಲು ಶಶಿಕುಮಾರನ ವಿಷಯ ಎತ್ತಿದರು. ಎಲ್ಲರ ಕಣ್ಣೂ ಇದ್ದದ್ದು ಅವನ ಮೇಲೆ. ಅವನಿಗೆ ಅನುಮಾನವಿದ್ದದ್ದು ನಿಜ, ಕೊರಳಪಟ್ಟಿ ಹಿಡಿದದ್ದೂ ನಿಜ. ಆದರೆ ಅವನು ಠಾಣೆಯ ಬೆಂಚಿನ ಮೇಲಿದ್ದಾಗಲೂ ವನಜಾಳ ಚಪ್ಪಲಿಯನ್ನು ಯಾರೋ ಕತ್ತರಿಸಿದ್ದರು. ಅಂದರೆ ವನಜಾಳನ್ನು ದ್ವೇಷಿಸುವ ಇನ್ನೊಬ್ಬರು ಇದೇ ಮೆಟ್ಟಿಲಲ್ಲಿ ಓಡಾಡುತ್ತಿದ್ದರು. ಗೇಟಿಗೆ ಒಳಗಿಂದ ಬೀಗ ಹಾಕಿದ್ದರಿಂದ ಹೊರಗಿನವರಲ್ಲ.

ಆಮೇಲೆ ಟ್ಯಾಂಕಿನ ಮಾತು. ಟ್ಯಾಂಕು ತುಂಬಿದ್ದರೂ ವಾಲ್ವು ಮುಚ್ಚಿತ್ತು. ಪ್ರಸನ್ನನನ್ನು ಮೇಲೆ ಬರಿಸಲೆಂದೇ ಯಾರೋ ಮುಚ್ಚಿದ್ದರು. ಆದರೆ ನಲ್ಲಿ ನಿಂತರೆ ಮೇಲೆ ಹೋಗುವುದು ಗಂಡನೋ ಹೆಂಡತಿಯೋ ಎಂದು ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಅಂದು ಅವನೇ ಹೋಗುತ್ತಾನೆಂದು ಖಚಿತವಾಗಿ ಗೊತ್ತಿದ್ದದ್ದು ಕಳಿಸಿದವರಿಗೆ ಮಾತ್ರ.

“ನಾನು ಬಚ್ಚಲಲ್ಲಿದ್ದೆ,” ಎಂದಳು ವೇಣಿ. ದನಿಯಲ್ಲಿ ಏರಿಳಿತವೇ ಇರಲಿಲ್ಲ. “ತಲೆ ಮೇಲೆ ನೊರೆ ಇತ್ತು. ಇವರೇ ನೋಡಿದಾರೆ.”

“ನೊರೆ ಇತ್ತು. ಅದೇ ತೊಂದರೆ ವೇಣಿ. ಈ ಊರಿನ ಬೋರ್ ನೀರಿಗೆ ತಲೆ ತುಂಬ ನೊರೆ ಬರಲ್ಲ. ನೀವು ತಲೆಗೆ ಹಾಕ್ಕೊಳ್ಳೋದು ಕ್ಯಾನ್ ನೀರು. ನೀವೇ ಅನುಸೂಯಮ್ಮನ ಹತ್ರ ಹೇಳಿದ್ರಿ. ಬಕೆಟ್ಟಿನಲ್ಲಿ ಕಾಯಿಸಿದ ಕ್ಯಾನ್ ನೀರಿಟ್ಟುಕೊಂಡು ಕೂತವರಿಗೆ ನಲ್ಲಿ ನಿಂತರೆ ಏನು, ಬಿಟ್ಟರೆ ಏನು? ತಲೆ ತೊಳೆದುಕೊಳ್ಳೋಕೆ ಅಂತ ಗಂಡನ್ನ ಟೆರೇಸಿಗೆ ಕಳಿಸೋ ಅಗತ್ಯವೇ ಇರಲಿಲ್ಲ. ವಾಲ್ವ್ ಮುಚ್ಚಿದವರು ನೀವು, ಹಿಂದೆಯೇ ಹತ್ತಿದವರೂ ನೀವು. ನೊರೆ ಹಚ್ಚಿಕೊಂಡದ್ದು ಇಳಿದು ಬಂದ ಮೇಲೆ.”

ನಾಗಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸಿದ್ದರಾಜು ಸದ್ದಿಲ್ಲದೆ ಬಾಗಿಲಿಗೆ ಅಡ್ಡ ನಿಂತರು. ಪೊಲೀಸರೇ ಅಪಘಾತ ಅಂದಿದ್ದಾಗ, ಕೊಲೆ ಮಾಡಿದವಳು ಪತ್ತೇದಾರರ ಬಳಿಗೆ ತಾನಾಗಿ ಯಾಕೆ ಬಂದಳು ಎಂದು ಅವರು ಕೇಳಿದರು. ನನಗೂ ಅದೇ ಅರ್ಥವಾಗಿರಲಿಲ್ಲ.

“ಕೊಂದವರು ಯಾರು ಅಂತ ಆಕೆ ಒಂದು ಸಲವೂ ನನ್ನನ್ನ ಕೇಳಲಿಲ್ಲ ಸಾರ್. ಕೇಳಿದ್ದೆಲ್ಲ ಹೆಂಗಸಿನ ಹೆಸರು. ಅನುಮಾನ ಅನ್ನೋದು ಅದಕ್ಕೆ ಗುರಿಯಾದವನು ಸತ್ತರೆ ಸಾಯಲ್ಲ. ಅದಕ್ಕೆ ಉತ್ತರ ಬೇಕು. ಗಂಡ ಉತ್ತರ ಕೊಡದೆ ಹೋದ. ವನಜಾ ಇರಬಹುದು ಅಂತ ಚಪ್ಪಲಿ ಕತ್ತರಿಸಿದಳು, ಆದರೆ ಖಾತ್ರಿ ಆಗಲಿಲ್ಲ. ನಾವು ಒಂದು ಹೆಸರು ಹೇಳಿದ್ದರೆ ಖಾತ್ರಿ ಆಗ್ತಿತ್ತು. ಆಮೇಲೆ ಆ ಹೆಸರಿನವಳು ಉಳೀತಿರಲಿಲ್ಲ.”

ಮೇಡಂ ವೇಣಿಯ ಎದುರು ಕುರ್ಚಿ ಎಳೆದುಕೊಂಡು ಕೂತರು.

“ನಿಮ್ಮ ಕೆಲಸ ಮುಗಿಸಿದೀನಿ ವೇಣಿ. ಆಫೀಸಲ್ಲಿ, ಸ್ನೇಹಿತರ ಹತ್ರ, ಫೋನ್ ಮಾಡಿ ಅವರ ಊರಲ್ಲೂ ವಿಚಾರಿಸ್ದೆ. ಯಾರೂ ಇರಲಿಲ್ಲ.”

ಗಂಡನನ್ನು ತಳ್ಳಿದವಳು ನೀನೇ ಎಂದಾಗ ಅಲ್ಲಾಡದೆ ಕೂತಿದ್ದ ಮುಖ ಆಗ ಕದಡಿತು.

“ಇದ್ಲು,” ಎಂದಳು. “ಸುಳ್ಳು ಹೇಳ್ಬೇಡಿ. ಅಂಚಲ್ಲಿ ನಿಲ್ಲಿಸಿ ಕೇಳ್ದೆ ನಾನು. ಒಂದು ಹೆಸರು ಹೇಳು, ಬಿಟ್ಬಿಡ್ತೀನಿ ಅಂದೆ. ಯಾರೂ ಇಲ್ಲ ಕಣೇ ಅಂದ. ಪ್ರಾಣ ಹೋಗೋ ಹೊತ್ತಲ್ಲೂ ಹೆಸರು ಬಿಡ್ಲಿಲ್ಲ ಅಂದ್ರೆ ಅವಳ ಮೇಲೆ ಎಷ್ಟು ಪ್ರೀತಿ ಇರ್ಬೇಕು, ನೀವೇ ಹೇಳಿ.”

ತಪ್ಪು ಮಾಡಿದೆ ಅನ್ನುವುದಕ್ಕಿಂತ ತಪ್ಪು ತಿಳಿದೆ ಅನ್ನುವುದೇ ಅವಳಿಗೆ ದೊಡ್ಡ ಶಿಕ್ಷೆಯಾಗಿತ್ತು. ಅದನ್ನು ತಪ್ಪಿಸಿಕೊಳ್ಳಲು ಕೊಲೆಯನ್ನೇ ಒಪ್ಪಿಕೊಂಡಿದ್ದಳು. ಸಿದ್ದರಾಜು ಮಹಿಳಾ ಪೇದೆಯನ್ನು ಒಳಗೆ ಕರೆದರು. ಬಾಗಿಲ ಬಳಿ ವೇಣಿ ನಿಂತು ವನಜಾಳ ಕಡೆ ತಿರುಗಿದಳು.

“ನೀನೇನಾ?”

ವನಜಾ ಇಲ್ಲವೆಂದು ತಲೆಯಾಡಿಸಿದಳು.

“ಅವನೂ ಹಿಂಗೇ ತಲೆ ಆಡ್ಸಿದ್ದು,” ಎಂದು ವೇಣಿ ಹೊಸಿಲು ದಾಟಿದಳು.

ಜೀಪು ಹೊರಟಿತು. ಕಿಟಕಿಗೆ ಮುತ್ತಿಕೊಂಡ ನಾವೆಲ್ಲ ಅದನ್ನೇ ನೋಡುತ್ತಿದ್ದೆವು. ಶಶಿಕುಮಾರ್ ಮಾತ್ರ ನೋಡುತ್ತಿರಲಿಲ್ಲ. ಅವನು ಹೆಂಡತಿಯ ಮುಖವನ್ನೇ ದಿಟ್ಟಿಸುತ್ತಿದ್ದ. ಅವಳು ತಲೆಯಾಡಿಸಿದ್ದು ನಿಜವೋ ಸುಳ್ಳೋ ಎಂದು ಹುಡುಕುವವನಂತೆ. ವನಜಾ ಅದನ್ನು ಕಂಡಳು. ನನ್ನ ಕೈ ಬಿಟ್ಟು, ನಾಗಲಕ್ಷ್ಮಮ್ಮನ ಅಡುಗೆಮನೆಗೆ ಹೋಗಿ, ಒಳಗಿಂದ ಚಿಲಕ ಹಾಕಿಕೊಂಡಳು.