ಮೂರು ಸಾವಿರದ ಆಚೆ

ಸಮ್ಮೇದ ಅಂಗಡಿಯ ಮೆಟ್ಟಿಲು ಹತ್ತಿದನೆಂದರೆ ಶ್ರದ್ಧಾಳಿಗೆ ಮೊದಲು ಆಗುತ್ತಿದ್ದದ್ದು ಭಯ. ಉಳಿದದ್ದೆಲ್ಲ ಆಮೇಲೆ.

ಅವನ ನಡತೆಯಲ್ಲಿ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ. ಚಪ್ಪಲಿ ಹೊರಗೆ ಬಿಡುತ್ತಿದ್ದ. ಅಪ್ಪನಿಗೆ ಕೈ ಮುಗಿಯುತ್ತಿದ್ದ. ಗಿಟಾರನ್ನು ಎಳೆಕೂಸಿನಂತೆ ಗೋಡೆಗೆ ಒರಗಿಸುತ್ತಿದ್ದ. ಆದರೆ ಅವಳು ಮಾತಿಗೆ ಬಾಯಿ ತೆರೆದರೆ ಸಾಕು, ಅವನ ನೋಟ ನೇರ ಬಂದು ಅವಳ ತುಟಿಗಳ ಮೇಲೆ ನಿಲ್ಲುತ್ತಿತ್ತು. ಕಣ್ಣುಗಳ ಮೇಲಲ್ಲ, ತುಟಿಗಳ ಮೇಲೆ. ರೆಪ್ಪೆಯನ್ನೂ ಮಿಟುಕಿಸದೆ, ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದುವವನ ಹಾಗೆ ಅವನು ನೋಡುತ್ತಿದ್ದ. ಅವಳ ಮಾತು ಅರ್ಧದಲ್ಲೇ ತಡವರಿಸುತ್ತಿತ್ತು. ಆರು ಅಡಿ ಆಚೆ, ಹಲಗೆಯ ಗೋಡೆಯ ಹಿಂದೆ, ಅಪ್ಪ ಜಯಪಾಲ ಗರಗಸ ಆಡಿಸುತ್ತಿದ್ದ. ಗರಗಸದ ಸದ್ದು ನಿಂತಾಗಲೆಲ್ಲ ಅವಳು ಆ ಗೋಡೆಯ ಕಡೆ ತಿರುಗುತ್ತಿದ್ದಳು. ಅಪ್ಪ ನೋಡಿಬಿಟ್ಟನೇ?

ಅದು 1999ರ ಏಪ್ರಿಲ್. ಗೋಕಾಕ ಬಸ್ ಸ್ಟ್ಯಾಂಡಿನ ಹಿಂದಿನ ಆ ಅಂಗಡಿಯಲ್ಲಿ ಅಪ್ಪ ಸ್ಪೀಕರ್ ಬಾಕ್ಸುಗಳನ್ನು ಕಟ್ಟುತ್ತಿದ್ದ. ಬಿ.ಎಸ್ಸಿ.ಯಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಮುಗಿಸಿದ್ದ ಶ್ರದ್ಧಾ ಅವುಗಳ ವೈರಿಂಗ್ ಮಾಡುತ್ತಿದ್ದಳು. ಯಾವ ವಾದ್ಯಕ್ಕೆ ಯಾವ ಬಾಕ್ಸು, ಯಾವ ಪೆಡಲ್ ಎಂದು ಗಿರಾಕಿಗಳಿಗೆ ಆರಿಸಿಕೊಡುವವಳೂ ಅವಳೇ. ಪೆಡಲ್ ಎಂದರೆ ಕಾಲಿನಿಂದ ಒತ್ತುವ ಪುಟ್ಟ ಡಬ್ಬಿ. ಒಂದು ಡಬ್ಬಿ ಗಿಟಾರಿನ ದನಿಯನ್ನು ಒರಟಾಗಿಸುತ್ತದೆ, ಇನ್ನೊಂದು ಅದಕ್ಕೆ ಮಾರ್ದನಿ ಕೊಡುತ್ತದೆ.

“ಈ ಬಾಕ್ಸೂ ಬ್ಯಾಡಂತ್ರಿ ಅಕ್ಕಾರ,” ಎಂದ ಲಖನ, ಬಾಕ್ಸನ್ನು ಧೊಪ್ಪನೆ ಇಳಿಸಿ. ಮೂಡಲಗಿಯ ಆರ್ಕೆಸ್ಟ್ರಾ ಒಂದರಲ್ಲಿ ಅವನು ಬೇಸ್ ಗಿಟಾರ್ ಬಾರಿಸುತ್ತಿದ್ದ, ಹುಕ್ಕೇರಿಯ ಸಮ್ಮೇದ ಲೀಡ್ ಗಿಟಾರ್.

“ಇದು ಮೂರನೇದು,” ಎಂದಳು ಶ್ರದ್ಧಾ. “ನಿಮ್ಮದರ ಸರಿ ಐತಿಲ್ಲೋ?”

“ನಂದೇನ್ರಿ, ಹದಿನೈದು ಇಂಚಿನ ಸ್ಪೀಕರ್, ದಪ್ಪ ಪ್ಲೈವುಡ್ಡು. ಎಮ್ಮಿ ಒದರಿದಂಗ ಒದರತೈತಿ. ನಾ ಖುಷಿ, ಎಮ್ಮೀನೂ ಖುಷಿ. ತ್ರಾಸೆಲ್ಲಾ ಇವಂದು. ಇವ ಬಾರಸಾಕ ಹತ್ತಿದ್ರ ಮುಂದಿನ ಸಾಲಿನ್ಯಾಗ ಕುಂತವ್ರು ಹಲ್ಲು ಕಡೀತಾರ. ಇವನಿಗೆ ಮಾತ್ರ ಇನ್ನೂ ಟ್ರೆಬಲ್ ಬೇಕು, ಇನ್ನೂ ಬೇಕು.”

ಸಮ್ಮೇದ ನಕ್ಕ. ಆದರೆ ನಗು ಕಣ್ಣಿನ ತನಕ ಹೋಗಲಿಲ್ಲ. “ಗುಡ್ಡಪ್ಪಣ್ಣ ಏನಂದಾನ, ಅದನ್ನೂ ಹೇಳಲಾ,” ಎಂದ.

ಗುಡ್ಡಪ್ಪ ಆರ್ಕೆಸ್ಟ್ರಾದ ಮಾಲೀಕ. ಬರುವ ರವಿವಾರ ಮೂಡಲಗಿಯಲ್ಲಿ ಟ್ರಾಯಲ್. ಅವತ್ತೂ ಗಿಟಾರು ಹೀಗೇ ಕಿವಿ ಕೊಯ್ದರೆ ಸಮ್ಮೇದ ಮನೆಗೆ, ಕೊಲ್ಲಾಪುರದ ಹುಡುಗನೊಬ್ಬ ಅವನ ಜಾಗಕ್ಕೆ. ಮಾತು ಆಗಲೇ ಆಗಿದೆ. ಇನ್ನು ಉಳಿದದ್ದು ಆರು ದಿನ.

ಆರು ದಿನದ ಆಚೆ ಅವನು ಗೋಕಾಕಕ್ಕೆ ಬರಲು ಕಾರಣವೇ ಇರುವುದಿಲ್ಲ. ಈ ಲೆಕ್ಕ ಶ್ರದ್ಧಾಳ ತಲೆಯಲ್ಲಿ ತಾನಾಗಿಯೇ ಆಯಿತು. ಆದದ್ದಕ್ಕೆ ಅವಳಿಗೆ ನಾಚಿಕೆಯಾಯಿತು, ಆ ನಾಚಿಕೆಯಿಂದ ಮತ್ತೆ ಹೆದರಿಕೆಯಾಯಿತು.

ಅವಳು ಕಾಗದದ ಮೇಲೆ ಬಾಕ್ಸಿನ ಚಿತ್ರ ಬರೆದಳು. “ದಪ್ಪ ದನಿ ಸುತ್ತಾ ಹರಡತೈತಿ. ಸಣ್ಣ ದನಿ, ಅಂದ್ರ ಟ್ರೆಬಲ್, ಬ್ಯಾಟರಿ ಬೆಳಕಿನಂಗ ನೆಟ್ಟಗ ಹೋಗತೈತಿ. ನಿಮ್ಮ ಬಾಕ್ಸ್ ನೆಲದ ಮ್ಯಾಲ ಇರತೈತಿ, ಅಂದ್ರ ಟ್ರೆಬಲ್ ಎಲ್ಲಾ ನಿಮ್ಮ ಮೊಣಕಾಲಿಗೆ ಬಡದು ಜನರ ಕಡೆ ಹೋಗತೈತಿ. ನಿಮಗ ಕೇಳಸೂದಿಲ್ಲ, ನೀವು ಏರಿಸ್ತೀರಿ, ಅವರು ಸಾಯ್ತಾರ. ತಪ್ಪು ನಿಮ್ಮದಲ್ಲ, ಬಾಕ್ಸಿಂದು. ಮಾರಿ ಮ್ಯಾಲ ಮಾಡಿ ವಾರೆ ನಿಲ್ಲಿಸಿದ್ರ ಆತು.”

“ಮಾರಿ ಮ್ಯಾಲ ಮಾಡಬೇಕಂತೋ ಸಮ್ಮೇದಾ,” ಎಂದ ಲಖನ. “ನೀ ಹೆಂಗೂ ಮ್ಯಾಲ ನೋಡಕೋತನ ಕುಂತಿರ್ತಿ.”

ಶ್ರದ್ಧಾ ವೈರಿನ ಬೆಸುಗೆಗೆ ತಿರುಗಿ, ಹೊಗೆಯ ನೆಪ ಮಾಡಿ ಓಢಣಿಯಿಂದ ಬಾಯಿ ಮುಚ್ಚಿಕೊಂಡಳು. “ನಾಳೆ ಬರ್ತೀರೇನು, ಬಾಕ್ಸ್ ತಯಾರ್ ಇಡ್ತೀನಿ,” ಎಂದಳು.

ಸಮ್ಮೇದನ ಮುಖದ ಬಣ್ಣ ಇಳಿಯಿತು. ಕಣ್ಣುಗಳು ಅವಳ ಓಢಣಿಯ ಮೇಲೆ ದಾರಿ ತಪ್ಪಿದವರಂತೆ ಅಲೆದವು. “ಹನ್ನೆರಡು ಇಂಚು,” ಎಂದ.

ಲಖನ ಹೊಟ್ಟೆ ಹಿಡಿದುಕೊಂಡು ನಕ್ಕ. ಶ್ರದ್ಧಾ ನಗಲಿಲ್ಲ. ಆ ಮುಖದಲ್ಲಿ ಅವಳು ಕಂಡದ್ದು ನಾಚಿಕೆಯಲ್ಲ. ದಿಗಿಲು.

ಮರುದಿನ ವಾರೆಯಾಗಿ ಕೂರುವ ಬಾಕ್ಸು ತಯಾರಿತ್ತು. ದನಿ ಈಗ ನೇರ ಅವನ ಕಿವಿಗೇ ಹೋಗಬೇಕು. ಸಮ್ಮೇದ ಅದರ ಮುಂದೆ ನಿಂತು ಎರಡು ಸುತ್ತು ಬಾರಿಸಿದ. ಬಗ್ಗಿದ. ಟ್ರೆಬಲ್ ನಾಬನ್ನು ಕೊನೆಯ ತನಕ ತಿರುಗಿಸಿದ. ಅವಳು ಕೊಲ್ಲಾಪುರದಿಂದ ತರಿಸಿಟ್ಟಿದ್ದ ದನಿ ಒರಟಾಗಿಸುವ ಎರಡು ಡಿಸ್ಟಾರ್ಶನ್ ಪೆಡಲ್‌ಗಳಲ್ಲಿ ಒಂದು ದುಂಡು ದನಿಯದು, ಇನ್ನೊಂದು ತಗಡು ಕೆರೆದಂಥದ್ದು. ಅವನು ತಗಡಿನದನ್ನೇ ಆರಿಸಿದ. ಒಳಗಿನಿಂದ ಅಪ್ಪ, “ಯಾರಲೇ ಅದು ತವಿ ತಿಕ್ಕಾಕತ್ತವ್ರು!” ಎಂದು ಕೂಗಿದ.

ಬಾಕ್ಸು ಸರಿಯಿತ್ತು. ಹಾಗಾದರೆ ತಪ್ಪು ಎಲ್ಲಿ?

ಹೊಸ ಬಾಕ್ಸು ಎಲ್ಲಾದರೂ ಜರ್ರೆನ್ನುತ್ತದೆಯೋ ನೋಡಲು ಅವಳ ಬಳಿ ಒಂದು ಯಂತ್ರವಿತ್ತು, ಕಾಲೇಜಿನ ಕೊನೆಯ ವರ್ಷದಲ್ಲಿ ತಾನೇ ಮಾಡಿದ ಆಸಿಲೇಟರ್. ಅದರ ಮುಳ್ಳು ತಿರುಗಿಸಿದರೆ ಒಂದೇ ದನಿ ದಪ್ಪದಿಂದ ಸಣ್ಣಕ್ಕೆ ಮೆಲ್ಲಗೆ ಏರುತ್ತದೆ. ಅವಳು ಅದನ್ನು ಜೋಡಿಸಿದಳು.

ಸೆಕೆಂಡಿಗೆ ಇನ್ನೂರು ಕಂಪನ. ಐನೂರು. ಸಾವಿರ. ಸಮ್ಮೇದ ತಲೆಯಾಡಿಸುತ್ತ ಕೇಳುತ್ತಿದ್ದ. ಎರಡು ಸಾವಿರ. ಮುಳ್ಳು ಮೂರು ಸಾವಿರ ದಾಟಿತು. ಲಖನ ಎರಡೂ ಕಿವಿ ಮುಚ್ಚಿಕೊಂಡು ಅಂಗಳಕ್ಕೆ ಓಡಿದ. ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಹೋಯಿತು.

ಸಮ್ಮೇದ ಹಾಗೇ ಕೂತಿದ್ದ. “ಯಾಕ್ರಿ, ಬಂದ್ ಮಾಡಿದ್ರಿ?” ಎಂದ.

ಬಾಕ್ಸು ಕಿರುಚುತ್ತಲೇ ಇತ್ತು.

ಅವಳು ಯಂತ್ರ ಆರಿಸಿದಳು. ಲಖನನನ್ನು ಚಹಾ ತರಲು ಕಳಿಸಿದಳು. ಒಂದು ಪ್ರಯೋಗ ಸಾಲದು, ಎರಡು ಬೇಕು ಎಂದು ಅವಳಿಗೆ ಕಲಿಸಿದ್ದರು. ಎರಡನೆಯದು ಸುಳ್ಳಾಗಲಿ ಎಂದು ಬೇಡಿಕೊಳ್ಳುತ್ತ ಅವನ ಹಿಂದೆ ಹೋಗಿ ನಿಂತಳು. ಟೇಬಲ್ ಫ್ಯಾನು ತಿರುಗುತ್ತಿತ್ತು. ಮೆತ್ತಗೆ ಹೇಳಿದಳು: “ಸಮ್ಮೇದ ಅವರ, ನಿಮ್ಮ ಹೆಗಲ ಮ್ಯಾಲ ಹಲ್ಲಿ ಬಿದ್ದೈತಿ.”

ಗೋಕಾಕದಲ್ಲಿ ಈ ಮಾತು ಕೇಳಿ ಜಿಗಿಯದ ಮನುಷ್ಯ ಇನ್ನೂ ಹುಟ್ಟಿಲ್ಲ. ಸಮ್ಮೇದ ಗಿಟಾರಿನ ತಂತಿ ಒರೆಸುತ್ತ ಕೂತೇ ಇದ್ದ.

ಆಗ ಅವಳಿಗೆ ಎರಡು ಸಂಗತಿಗಳು ಒಟ್ಟಿಗೇ ತಿಳಿದವು. ಒಂದು, ಅವನ ಕಿವಿಯಲ್ಲಿ ಸಣ್ಣ ದನಿ ಕೇಳುವ ಅರ್ಧ ಸತ್ತಿದೆ. ಇನ್ನೊಂದು, ಅವನು ಅಷ್ಟು ದಿನ ಅವಳ ತುಟಿ ನೋಡಿದ್ದು ಮಾತು ಓದಲು. ಬರೀ ಮಾತು ಓದಲು. ಮೊದಲನೆಯದಕ್ಕೆ ಅಳು ಬಂತು. ಎರಡನೆಯದಕ್ಕೂ ಬಂತು. ಯಾವ ಅಳು ಯಾವುದಕ್ಕೆಂದು ಅವಳಿಗೇ ಬೇರ್ಪಡಿಸಲಾಗಲಿಲ್ಲ.

ಮುಂದೆ ಬಂದು ಸ್ಟೂಲ್ ಎಳೆದು ಅವನ ಎದುರು ಕೂತಳು. ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು: “ನಿಮಗ ಕೇಳಸಾಕತ್ತಿಲ್ಲ.”

ಮೊದಲ ಸಲ ಅವನ ನೋಟ ಅವಳ ತುಟಿ ಬಿಟ್ಟು ಕಣ್ಣಿಗೆ ಏರಿತು.

“ಯಾರಿಗೂ ಹೇಳಬ್ಯಾಡ್ರಿ,” ಎಂದ.

“ಯಾವಾಗಿಂದ?”

“ಎರಡ ವರ್ಷ ಆತ್ರಿ. ಆರ ವರ್ಷ ಸ್ಪೀಕರ್ ಹಾರ್ನಿನ ಬಾಜೂಕ ನಿಂತು ಬಾರಿಸೀನಿ. ಬೆಳಗಾವಿ ಡಾಕ್ಟರು ನರ ಸತ್ತಾವು, ತಿರುಗಿ ಬರೂದಿಲ್ಲ ಅಂದ್ರು. ಉಳದದ್ದು ಎಷ್ಟು ದಿನಾ ಅಂತ ಅವರಿಗೂ ಗೊತ್ತಿಲ್ಲ.” ಅವನ ಬೆರಳುಗಳು ತಂತಿಯನ್ನು ಒತ್ತಿ ಹಿಡಿದಿದ್ದವು. “ಮುಂಜಾನೆ ಎದ್ದಕೂಡ್ಲೆ ಕಣ್ಣ ತೆರೆಯೂದಕ್ಕ ಮೊದಲ ಚಿಟಿಕಿ ಹೊಡದ ನೋಡ್ತೀನ್ರಿ. ಕೇಳಿಸ್ತಂದ್ರ, ಇವತ್ತಿನ ದಿನಾ ಆತು ಅಂತ ಏಳ್ತೀನಿ. ಕೇಳಿಸಲಿಕ್ರ ಏನ ಮಾಡೂದು, ಇನ್ನೂ ವಿಚಾರ ಮಾಡಿಲ್ಲ.”

ಒಳಗೆ ಗರಗಸ ನಿಂತಿತು. ಇಬ್ಬರಲ್ಲಿ ಒಬ್ಬಳೇ ಅದನ್ನು ಕೇಳಿಸಿಕೊಂಡಳು. ಅವಳಿಗೆ ಏಳಬೇಕೆನಿಸಿತು. ಏಳಲಿಲ್ಲ.

“ಪೆಡಲ್ ನಾ ಆರಿಸ್ತೀನಿ,” ಎಂದಳು. “ನೀವಲ್ಲ.”

ಮುಂದಿನ ಮೂರು ದಿನ ಅವನು ಬಾರಿಸಿದ, ಅವಳು ಅಂಗಡಿಯ ತುದಿಯಲ್ಲಿ ನಿಂತು ಕೇಳಿದಳು. ದುಂಡು ದನಿಯ ಪೆಡಲ್ ಉಳಿಯಿತು, ತಗಡಿನದು ಕಪಾಟಿಗೆ ಹೋಯಿತು. ಮಾರ್ದನಿಯ ಡಬ್ಬಿಯನ್ನು ಕಾಲು ಭಾಗಕ್ಕೆ ಇಳಿಸಿದಳು. ದನಿ ಕಿವಿಗೆ ಹಿತವಾಗುವ ಜಾಗ ಸಿಕ್ಕ ಕೂಡಲೇ ತನ್ನ ಉಗುರುಬಣ್ಣದ ಶೀಸೆ ತೆರೆದು ನಾಬಿನ ಪಕ್ಕ ಒಂದು ಕೆಂಪು ಚುಕ್ಕೆ ಇಟ್ಟಳು. ಒಂಬತ್ತು ನಾಬು, ಒಂಬತ್ತು ಚುಕ್ಕೆ. ಅವನು ಬಗ್ಗಿ ನೋಡುತ್ತಿದ್ದ. ಅವನ ಉಸಿರು ಅವಳ ಮುಂಗೈಗೆ ತಾಗಿದಾಗ ಐದನೆಯ ಚುಕ್ಕೆ ಸೊಟ್ಟಗಾಯಿತು.

“ಇದು ಸಾಲೂದಿಲ್ಲ,” ಎಂದಳು ಕೊನೆಗೆ. “ಗಿರಣ್ಯಾಗ ಕೆಲಸಾ ಮಾಡವ್ರು ಕಿವಿಗೆ ಬೂಚು ಹಾಕ್ಕೋತಾರಲ್ಲ, ಅದು ಹಾಕ್ಕೋಬೇಕು. ಹಾರ್ನಿನ ಬಾಜೂಕ ನಿಲ್ಲಬಾರ್ದು. ಉಳದದ್ದರ ಉಳೀಬೇಕಲ್ಲ.”

“ನನಗ ಕೇಳದ ಸಪ್ಪಳಾ ನಾ ಹೆಂಗ ಬಾರಿಸಲ್ರಿ? ಕಣ್ಣ ಕಟ್ಟಿ ರಂಗೋಲಿ ಹಾಕಂದಂಗ ಆತು.”

“ಬೆರಳಿಗೆ ಗೊತ್ತೈತಿ. ಬಾಕಿದ್ದಕ್ಕ ನನ್ನ ಕಿವಿ ನಂಬ್ರಿ.”

“ನಿಮ್ಮ ಕಿವಿ ತಪ್ಪಿದ್ರ?”

ಆ ಪ್ರಶ್ನೆ ರವಿವಾರದ ತನಕ ಅವಳ ಜೊತೆಯಲ್ಲೇ ಉಂಡಿತು, ಮಲಗಿತು.

ಮೂಡಲಗಿಯ ಶಾಲೆಯ ಮೈದಾನದಲ್ಲಿ ಮಧ್ಯಾಹ್ನದ ಬಿಸಿಲು. ಅಪ್ಪ ಕೇಬಲ್ ಎಳೆಯಲು ಬಂದಿದ್ದ, ಸಹಾಯಕ್ಕೆಂದು ಅವಳೂ. ಗುಡ್ಡಪ್ಪ ಎಲೆ ಅಡಿಕೆ ಹಾಕಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತಿದ್ದ. ಶ್ರದ್ಧಾ ಹನ್ನೆರಡನೆಯ ಸಾಲಿನ ಹತ್ತಿರ, ಕಂಬ ಹಿಡಿದು ನಿಂತಳು.

ಲಖನನ ಬೇಸು ಮೊದಲು ಬಂತು, ನೆಲದಿಂದ. ಆಮೇಲೆ ಸಮ್ಮೇದನ ಕಾಲು ಪೆಡಲ್ ಒತ್ತಿತು. ದನಿ ಎದ್ದಿತು. ದುಂಡಾಗಿ, ಬೆಚ್ಚಗೆ, ಎಣ್ಣೆ ಹಚ್ಚಿದ ಹಾಗೆ. ಆದರೆ ಅವನಿಗೆ ಅದು ಹೇಗೆ ಕೇಳಿಸುತ್ತಿರಬಹುದೆಂದು ಅವಳಿಗೆ ಗೊತ್ತಿತ್ತು. ಕೌದಿಯೊಳಗಿಂದ ಯಾರೋ ಕರೆದಂತೆ. ಅವನ ಹುಬ್ಬು ಗಂಟಾಯಿತು. ಬಲಗೈ ತಂತಿ ಬಿಟ್ಟು ಟ್ರೆಬಲ್ ನಾಬಿನ ಕಡೆ ಹೊರಟಿತು.

ಬ್ಯಾಡ. ಬ್ಯಾಡ. ಅವಳ ಉಗುರು ಕಂಬದಲ್ಲಿ ಇಳಿಯಿತು. ಕೂಗಿದರೆ ಗುಡ್ಡಪ್ಪನಿಗೆ ತಿಳಿಯುತ್ತದೆ. ಕೈ ಎತ್ತಿದರೆ ಅಪ್ಪನಿಗೆ ತಿಳಿಯುತ್ತದೆ. ಅವನ ಬೆರಳು ಕೆಂಪು ಚುಕ್ಕೆಯ ಮೇಲೆ ನಿಂತಿತು. ಒಂದು ತಾಳ. ಎರಡು ತಾಳ. ಅವನು ಕಣ್ಣು ಮುಚ್ಚಿದ. ಕೈ ತಂತಿಗೆ ಮರಳಿತು.

ಹಾಡು ಮುಗಿದಾಗ ಗುಡ್ಡಪ್ಪ ಪಕ್ಕಕ್ಕೆ ಉಗುಳಿ, “ಈಗ ಮನಶ್ಯಾ ಬಾರಿಸಿದಂಗ ಆತ ನೋಡಪಾ. ಇಷ್ಟ ದಿನಾ ಯಾಕ ಜೀವಾ ತಿಂದಿ?” ಎಂದ. ಕೊಲ್ಲಾಪುರದ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಸಮ್ಮೇದ ವೇದಿಕೆಯ ಬದಿಗೆ ಇಳಿದು ಬಂದಾಗ ಅವಳು ಪ್ಲಗ್ ಬಿಚ್ಚುತ್ತಿದ್ದಳು. ಈಗಲ್ಲದಿದ್ದರೆ ಮತ್ತೆಂದೂ ಕೇಳಲಾರೆ ಎನಿಸಿತು. ಮುಖ ಎತ್ತಿದಳು.

“ಒಂದ ಮಾತ ಕೇಳ್ತೀನಿ, ಖರೆ ಹೇಳ್ರಿ. ನನ್ನ ತುಟಿ ನೋಡ್ತಿದ್ರಲ್ಲ, ಅದು ಮಾತಿನ ಸಲುವಾಗಿ ಅಷ್ಟ ಏನು?”

“ಮೊದಲ ಮೂರು ಸಲ ಹೌದ್ರಿ.”

“ನಾಕನೇ ಸಲ?”

“ನಾಕನೇ ಸಲ ನೀವು ಮಾತ ಆಡಿದ್ದಿಲ್ಲ. ನಿಮ್ಮ ಅಪ್ಪಾರು ಇದ್ರು. ನೀವು ತೆಳಗ ನೋಡಿ ಬೆಸಗಿ ಹಾಕಾಕತ್ತಿದ್ರಿ. ಓದಾಕ ಏನೂ ಇರಲಿಲ್ಲ. ಒಂದ ತಾಸು ನೋಡೀನಿ.”

ಗಾಳಿಗೆ ಪೆಂಡಾಲಿನ ಬಟ್ಟೆ ಪಟಪಟ ಬಡಿದುಕೊಂಡಿತು.

“ನಾಳೆ ಪೂರ್ತಿ ಹೋದ್ರ?” ಎಂದ. “ನಿಮ್ಮ ದನೀನೂ?”

ಹೋಗುವುದಿಲ್ಲ ಎಂದು ಹೇಳುವಷ್ಟು ಸುಳ್ಳು ಅವಳಿಗೆ ಬರುತ್ತಿರಲಿಲ್ಲ. ಅವಳು ದನಿಯನ್ನು ಪೂರ್ತಿ ಒಳಗೇ ಇಟ್ಟುಕೊಂಡಳು. ತುಟಿಗಳನ್ನಷ್ಟೇ ಆಡಿಸಿದಳು. ಮೂರೇ ಪದ, ನಿಧಾನವಾಗಿ.

ಅವನು ಓದಿದ. ಓದಿದ್ದು ಸರಿಯೇ ಎಂದು ಅವಳ ಕಣ್ಣನ್ನೂ ನೋಡಿದ.

“ನನಗೂ ನೀವಂದ್ರ ಜೀವ್ರಿ!” ಎಂದ.

ತನ್ನ ದನಿ ಎಷ್ಟು ದೊಡ್ಡದೆಂದು ಅವನಿಗೆ ಗೊತ್ತಾಗಲಿಲ್ಲ. ಮೈದಾನಕ್ಕೆಲ್ಲ ಗೊತ್ತಾಯಿತು. ಲಖನ ಬೇಸ್ ಗಿಟಾರಿನ ಹಿಂದೆ ಮುಖ ಮರೆಸಿಕೊಂಡ. ಗುಡ್ಡಪ್ಪನ ದವಡೆ ಅರ್ಧಕ್ಕೆ ನಿಂತಿತು. ಅಪ್ಪ ಕೇಬಲ್ ಸುತ್ತುವುದನ್ನು ನಿಲ್ಲಿಸಿ ನಿಧಾನವಾಗಿ ತಿರುಗಿದ.

“ಏನೋ ತಮ್ಮಾ? ಯಾರಿಗಂದಿ?”

ಶ್ರದ್ಧಾಳ ಕೈಗೆ ಓಢಣಿಯ ಅಂಚು ಸಿಕ್ಕಿತು, ಬಾಯಿಗೆ ಅಡ್ಡ ಬರಲು ಹೊರಟಿತು. ಅವಳು ಅದನ್ನು ಕೆಳಗೆ ಬಿಟ್ಟಳು. ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಅಪ್ಪನಿಗೂ ಸಮ್ಮೇದನಿಗೂ ತನ್ನ ಮುಖ ಪೂರ್ತಿ ಕಾಣುವಂಥ ಜಾಗ ನೋಡಿ ನಿಂತಳು.

“ಅಪ್ಪಾ,” ಎಂದಳು, ಒಂದೊಂದೇ ಅಕ್ಷರ ಬಿಡಿಸಿ, “ನನಗಂದಾರ.”