ಚಪ್ಪಲಿ ಬಿಟ್ಟು ಕೇಳಿದ ಸದ್ದು

"ಚಪ್ಪಲಿ ಯಾಕೆ ಬಿಟ್ರಿ ಮೇಡಂ? ಹಲಗೆ ಸಂದೀಲಿ ಮೊಳೆ ಇದಾವೆ, ಚುಚ್ಚೀತು!"

"ನನ್ನ ಕಾಲು, ನನ್ನ ಚಪ್ಪಲಿ. ನೀವು ಸದ್ದು ಜಾಸ್ತಿ ಮಾಡಿ!"

ವಾದ್ಯದಂಗಡಿಯವನು ನಾಬ್ ತಿರುಗಿಸಿದ. ಅಬ್ಬಬ್ಬಾ! ಆ ದೊಡ್ಡ ಸಿಂಥಸೈಜರ್‌ನ ಹೊಟ್ಟೆಯಿಂದ ಹೊರಟ ತಗ್ಗುದನಿಯ ಬೇಸ್ ಸದ್ದಿಗೆ ಕಪಾಟಿನ ಗಾಜು ಗಡಗಡ ನಡುಗಿತು. ಗೋಡೆಗೆ ತೂಗುಹಾಕಿದ್ದ ಗಿಟಾರುಗಳು ತಾವಾಗಿಯೇ ಗುಂಯ್‌ಗುಟ್ಟಿದವು. ಎದುರು ಬೀದಿಯಲ್ಲಿ ಮಲಗಿದ್ದ ನಾಯಿ ಊರನ್ನೇ ಬಿಟ್ಟು ಓಡಿತು, ಇವತ್ತಿಗೂ ವಾಪಸ್ಸು ಬಂದಿಲ್ಲ!

ಅವಳು ಮಾತ್ರ ಬರಿಗಾಲಲ್ಲಿ ಕಣ್ಣು ಮುಚ್ಚಿ, ಟಪಟಪ ಕೀ ಒತ್ತುತ್ತ ನಿಂತಿದ್ದಳು. ಮೂಗು ನೋಡಿದರೆ ಕೋಪ, ರೆಪ್ಪೆ ನೋಡಿದರೆ ಅಳು.

ಕೌಂಟರಿನ ಹಿಂದಿದ್ದ ಅಂಗಡಿಯವನು ಅವಳ ಪಾದಗಳನ್ನು ನೋಡಿದ. ಮೆಲ್ಲಗೆ ನಕ್ಕ.

ಅವಳು ಕಣ್ಣು ಬಿಟ್ಟಿದ್ದೂ ಅದೇ ಗಳಿಗೆಯಲ್ಲಿ. ಮುಗೀತು ಕತೆ!

"ನಗೋಕೇನಿದೆ ಇದರಲ್ಲಿ?"

"ಅಯ್ಯೋ, ಹಾಗಲ್ಲ..."

"ಇದನ್ನೇ ಪ್ಯಾಕ್ ಮಾಡಿ."

"ಇದು ಬೇಡ ಮೇಡಂ." ಅವನು ಮೂಲೆಯಿಂದ ಪುಟ್ಟ ಪೆಟ್ಟಿಗೆಯಂಥ ಒಂದು ಬೂದು ಬಣ್ಣದ ಸಿಂಥಸೈಜರ್ ಎಳೆದು ತಂದ. "ಇದನ್ನ ಕೇಳಿ. ನೋಡೋಕೆ ಬಡಪಾಯಿ, ಆದ್ರೆ..."

"ನನ್ನ ಮುಖ ನೋಡಿ ಸಣ್ಣದು ತೋರಿಸ್ತಿದೀರಾ?"

"ದೊಡ್ಡದೇ ಬೇಕಂದ್ರೆ ಒಂದು ಕೆಲಸ ಮಾಡಿ. ಟಪಟಪ ಒತ್ತಬೇಡಿ. ಒಂದೇ ಕೀ ಹಿಡ್ಕೊಂಡು ಒಂದು ನಿಮಿಷ ಸುಮ್ನೆ ನಿಂತ್ಕೊಳ್ಳಿ."

ಒಂದು ನಿಮಿಷ! ನನ್ನ ಪಾದ ನೋಡಿ ನಗೋಕೆ ಮಹಾಶಯನಿಗೆ ಇನ್ನೂ ಒಂದು ನಿಮಿಷ ಬೇಕಂತೆ!

"ಹೋಗಲಿ, ಇದು ಯಾರಿಗೆ ಅಂತಾದ್ರೂ ಹೇಳಿ" ಎಂದ ಅವನು.

"ನಿಮಗ್ಯಾಕೆ?"

ಹೇಳಿದ್ದರೆ ಎಲ್ಲ ಅಲ್ಲೇ ಸರಿಹೋಗುತ್ತಿತ್ತು. ಆದರೆ ಹೇಳಿದ ತಕ್ಷಣ ಎದುರಿನವರ ಬಾಯಿಂದ 'ಅಯ್ಯೋ ಪಾಪ' ಬರುತ್ತಿತ್ತಲ್ಲ, ಅದನ್ನು ಕೇಳಿ ಕೇಳಿ ಅವಳಿಗೆ ಸಾಕಾಗಿ ಹೋಗಿತ್ತು. ಗ್ಯಾರಂಟಿ ಚೀಟಿಯಲ್ಲಿ ರಂಗಮಂದಿರದ ವಿಳಾಸ ಗೀಚಿದಳು. ತನ್ನಷ್ಟೇ ತೂಕದ ಆ ಯಂತ್ರವನ್ನು ತಬ್ಬಿಕೊಂಡು ಟ್ಯಾಕ್ಸಿ ಹತ್ತಿದಳು.

ಕೋಪ ಎಷ್ಟಿತ್ತೆಂದರೆ... ಚಪ್ಪಲಿ ಅಂಗಡಿಯಲ್ಲೇ ಉಳಿಯಿತು!

ಯಂತ್ರ ತಂಗಿಗಾಗಿ. ಹುಟ್ಟಿನಿಂದ ಆ ಹುಡುಗಿಗೆ ಕಿವಿ ಕೇಳಿಸದು. ಅಕ್ಕ ನುಡಿಸುವ ಬೇಸ್ ಹಲಗೆಯೊಳಗಿಂದ ಹರಿದು ಅಂಗಾಲಿಗೆ ಮುಟ್ಟಿದರೆ ಸಾಕು, ಅವಳು ಕುಣಿಯುತ್ತಾಳೆ. ಕಿವಿಯಿದ್ದವರು ನಾಚಿ ಮೂಲೆ ಸೇರಬೇಕು, ಹಾಗೆ!

ಮೂರು ತಿಂಗಳು ಅಭ್ಯಾಸ ಮಾಡಿಸಿದ ಹಳೆಯ ಯಂತ್ರ ಕೊನೇ ವಾರ ಕೆಟ್ಟು ಕೂತಿತ್ತು. ನಾಳೆ ಸಂಜೆ ಪ್ರದರ್ಶನ. ದೊಡ್ಡ ನೃತ್ಯತಂಡದ ಗುರುಗಳು ನೋಡಲು ಬರುತ್ತಾರೆ. ಅವರು ಮೊದಲೇ ಕಡ್ಡಿ ಮುರಿದ ಹಾಗೆ ಹೇಳಿದ್ದರು:

"ತಾಳ ತಪ್ಪದಿದ್ರೆ ತಂಡಕ್ಕೆ ಸೇರಿಸ್ಕೋತೀನಿ. ತಪ್ಪಿದ್ರೆ ಮತ್ತೆ ಕೇಳಬೇಡಿ."

ಮರುದಿನ ಸಂಜೆ ನಾಲ್ಕು ಗಂಟೆಗೆ ರಂಗದ ಮೇಲೆ ಕೊನೆಯ ಅಭ್ಯಾಸ.

ಅಕ್ಕ ಮೊದಲ ಸ್ವರ ಹಿಡಿದಳು. ಉದ್ದನೆಯ ಸ್ವರ. ತಂಗಿ ಒಂದು ಹೆಜ್ಜೆ ಇಡಬೇಕಾದ ಜಾಗದಲ್ಲಿ ಮೂರು ಇಟ್ಟಳು! ಮತ್ತೆ ಹಿಡಿದಳು. ಮತ್ತೆ ಮೂರು. ಮೂರನೆಯ ಸಲ ತಂಗಿ ತಿರುಗುವ ರಭಸದಲ್ಲಿ ರಂಗದ ಅಂಚಿಗೇ ಹೋಗಿ, ಪರದೆ ಹಿಡಿದು ನಿಂತಳು.

"ಏನಾಯ್ತೇ?" ಅಕ್ಕನ ಕೈಬೆರಳು ಕೇಳಿದವು.

"ನೀನೇ ತಪ್ಪು ನುಡಿಸ್ತಿದೀಯ!" ತಂಗಿಯ ಬೆರಳು ಸಿಟ್ಟಾದವು. "ಒಂದು ಪೆಟ್ಟು ಅಂತೀಯ, ಮೂರು ಬರ್ತಿದೆ!"

ಅಕ್ಕ ಮನೆಯಿಂದ ಹಾಕಿಕೊಂಡು ಬಂದಿದ್ದ ಹಳೇ ಚಪ್ಪಲಿ ಬಿಟ್ಟಳು. ಒಂದೇ ಕೀ ಹಿಡಿದು ಒಂದು ನಿಮಿಷ ಸುಮ್ಮನೆ ನಿಂತಳು.

ಅಯ್ಯೋ...

ಸ್ವರ ಒಂದೇ ಸಮ ನಿಂತಿರಲಿಲ್ಲ, ಉಬ್ಬಿ ಇಳಿದು, ಉಬ್ಬಿ ಇಳಿದು ತೂಗುತ್ತಿತ್ತು. ಆ ಯಂತ್ರದೊಳಗೆ ಸ್ವರ ಹುಟ್ಟಿಸುವ ಗಂಟಲು ಒಂದಲ್ಲ, ಮೂರು. ಒಂದಕ್ಕೊಂದು ಕೂದಲೆಳೆಯಷ್ಟು ಬೇರೆ ಶ್ರುತಿ. ಕಿವಿಗೆ ಅದೇ ಚೆಂದ, ದಪ್ಪ, ಸಮುದ್ರದ ಹಾಗೆ. ಅಂಗಾಲಿಗೆ ಮಾತ್ರ ಒಂದೊಂದು ಉಬ್ಬರವೂ ಒಂದೊಂದು ಪೆಟ್ಟು!

ನಾಬ್ ತಿರುಗಿಸಿ ಎರಡು ಗಂಟಲು ಮುಚ್ಚಿ ನೋಡಿದಳು. ಉಳಿದ ಒಂದಕ್ಕೆ ಹಲಗೆ ಅಲುಗಾಡಲೇ ಇಲ್ಲ. ತಂಗಿ ಇಲ್ಲವೆಂದು ತಲೆಯಾಡಿಸಿ, ನೆಲದ ಮೇಲೆ ಕುಸಿದು ಕೂತಳು.

ಇದನ್ನೇ ಹೇಳೋಕೆ ಬಂದಿದ್ದನಾ ಅವನು? ನಾನು ಬಾಯಿ ಮುಚ್ಚಿಸಿದೆನಲ್ಲ... ನನ್ನ ಕೋಪಕ್ಕಿಷ್ಟು!

ನಾಲ್ಕೂವರೆ. ಅಂಗಡಿಗೆ ಹೋಗಿ ಬರಲು ಒಂದೂವರೆ ಗಂಟೆ. ಪರದೆ ಏಳುವುದು ಆರಕ್ಕೆ.

ಅಕ್ಕ ಪರ್ಸ್ ಎತ್ತಿಕೊಂಡು ಬಾಗಿಲಿಗೆ ಓಡಿದಳು. ಬಾಗಿಲಲ್ಲಿ ಏದುಸಿರು ಬಿಡುತ್ತ ಅವನು! ಒಂದು ಕಂಕುಳಲ್ಲಿ ಬೂದು ಪೆಟ್ಟಿಗೆ. ಇನ್ನೊಂದು ಕೈಯಲ್ಲಿ ಅವಳ ಚಪ್ಪಲಿ.

"ಬೈಯೋದಿದ್ರೆ ಆಮೇಲೆ ಬೈರಿ" ಎಂದ. "ಚೀಟೀಲಿ ರಂಗಮಂದಿರ ಅಂತ ಇವತ್ತಷ್ಟೇ ನೋಡಿದೆ. ಕುಣಿಯೋರ ಕಾಲಿಗೆ ಆ ದೊಡ್ಡದು ಮೋಸ ಮಾಡತ್ತೆ ರೀ! ಪ್ಲಗ್ ಎಲ್ಲಿದೆ?"

ಅವಳು ಗೋಡೆಯ ಕಡೆ ಕೈ ತೋರಿಸಿದಳು.

ಬಡಪಾಯಿ ಪೆಟ್ಟಿಗೆಗೆ ಒಂದೇ ಗಂಟಲು. ಆದರೆ ಅದು ಪಾತಾಳದಲ್ಲಿತ್ತು! ಸ್ವರ ಗುದ್ದಿ ಬಂತು, ಗೋಡೆಯಂತೆ ನೇರ ನಿಂತಿತು. ತಂಗಿ ಕೂತಲ್ಲೇ ಅಂಗೈಯನ್ನು ಹಲಗೆಗೆ ಒತ್ತಿದಳು. ಕಣ್ಣು ಅರಳಿದವು. ಒಂದು ಬೆರಳು ಎತ್ತಿದಳು.

ಒಂದು!

ಆರು ಗಂಟೆಗೆ ಪರದೆ ಎದ್ದಾಗ ಅಕ್ಕ ಮೊದಲ ಕೀ ಒತ್ತಿದಳು. ಮೊದಲ ಸಾಲಿನಲ್ಲಿ ಗುರುಗಳು ಕಲ್ಲಿನಂತೆ ಕೂತಿದ್ದರು. ಬೂದು ಪೆಟ್ಟಿಗೆಯ ತಂತಿ ಸಡಿಲವಾಗಿತ್ತೆಂದು ಅಂಗಡಿಯವನು ನಲವತ್ತು ನಿಮಿಷ ಪರದೆಯ ಹಿಂದೆ ಮಂಡಿಯೂರಿ ಅದನ್ನು ಒತ್ತಿ ಹಿಡಿದಿದ್ದ. ಮೂಗಿನ ತುದಿಯ ಬೆವರನ್ನೂ ಒರೆಸಿಕೊಳ್ಳಲಿಲ್ಲ. ಕೊನೆಯ ಸುತ್ತು. ಉದ್ದನೆಯ ಸ್ವರ. ಅಕ್ಕ ಕೀ ಒತ್ತಿ ಹಿಡಿದಳು...

ತಂಗಿಯ ಹೆಜ್ಜೆ ಬಿತ್ತು. ಒಂದೇ ಒಂದು. ಸರಿಯಾದ ಜಾಗಕ್ಕೆ!

ಗುರುಗಳು ಎದ್ದು ನಿಂತು ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದರು. ಚಪ್ಪಾಳೆ ಆ ಹುಡುಗಿಗೆ ಹೇಗೆ ಕಾಣಬೇಕೋ ಹಾಗೆ.

ಎಲ್ಲರೂ ಹೋದ ಮೇಲೆ ಅವಳು ಅವನೆದುರು ನಿಂತಳು.

"ಒಂದು ಕೇಳ್ಲಾ? ನಿನ್ನೆ ಯಾಕೆ ನಕ್ರಿ?"

"ನಾನು ಹತ್ತು ವರ್ಷದಿಂದ ಬೇಸ್ ಕೇಳೋದೇ ಬರಿಗಾಲಲ್ಲಿ. ಕೌಂಟರ್ ಹಿಂದೆ ಯಾರಿಗೂ ಕಾಣಲ್ಲ. ಪ್ರಪಂಚಕ್ಕೆಲ್ಲ ನಾನೊಬ್ಬನೇ ಹುಚ್ಚ ಅಂದ್ಕೊಂಡಿದ್ದೆ... ಇನ್ನೊಬ್ರು ಸಿಕ್ಕಿದ್ರಲ್ಲ ಅಂತ ಖುಷಿಗೆ ನಗು ಬಂತು."

ಅವಳ ಕಣ್ಣು ತಾನಾಗಿಯೇ ಕೆಳಗೆ ಹೋಯಿತು. ಧೂಳು ಮೆತ್ತಿದ ಬರಿಗಾಲು!

"ನನ್ನ ಚಪ್ಪಲಿ ತಂದ್ರಿ. ನಿಮ್ಮದೆಲ್ಲಿ ರೀ?"

"ಅಂಗಡೀಲಿ..." ಅವನು ತಲೆ ಕೆರೆದುಕೊಂಡ. "ಆತುರದಲ್ಲಿ ಮರೆತೇಹೋಯ್ತು."

ಅವಳಿಗೆ ನಗು ಬಂತು, ಜೊತೆಗೇ ಅಳುವೂ. ಅಷ್ಟರಲ್ಲಿ ತಂಗಿ ಬಂದವಳೇ ಒಂದು ಅಂಗೈ ಅಕ್ಕನ ಎದೆಗೆ, ಇನ್ನೊಂದು ಅವನ ಎದೆಗೆ ಇಟ್ಟಳು. ಕಳ್ಳಿ! ಬೆರಳಲ್ಲಿ ಏನೋ ಹೇಳಿ ಓಡಿಹೋದಳು.

"ಏನಂದ್ರು?"

"ಏನಿಲ್ಲ."

"ಹೇಳಿ..."

"ಎರಡೂ ಒಂದೇ ತಾಳ ಅಂತಾಳೆ. ಸುಳ್ಳುಬುರುಕಿ!" ಅವಳ ಕೆನ್ನೆ ಕೆಂಡವಾಗಿತ್ತು.

ಅವನು ಅಳುಕುತ್ತ ಅಂಗೈ ಚಾಚಿದ.

"ಒಂದು ನಿಮಿಷ ಹಿಡ್ಕೊಂಡು ಸುಮ್ನೆ ನಿಂತ್ಕೊಂಡ್ರೆ ಗೊತ್ತಾಗತ್ತೆ."

ಈ ಸಲ ಅವಳಿಗೆ ಕೋಪ ಬರಲಿಲ್ಲ. ತನ್ನ ಕೈಯನ್ನು ಅವನ ಕೈಯಲ್ಲಿಟ್ಟಳು. ಮೆಲ್ಲಗೆ ಚಪ್ಪಲಿ ಬಿಟ್ಟಳು.

"ಒಂದೇ ನಿಮಿಷ ಸಾಕಾ?"