ನಾಲ್ಕು ಗಂಟೆಯ ಡೇಸಿಗಳು

“ಮೊದಲ್ನೇ ಸಾಲು ಮುಚ್ಕೊಂಡ್ಬಿಡ್ತು ಕಣೇ!” ಬಿಲ್ಕೀಸ್ ಗೆಳತಿಯ ಕೈಯನ್ನು ಗಟ್ಟಿಯಾಗಿ ಹಿಡಿದಳು.

ಸ್ಕೂಲು ಬಿಟ್ಟ ಮೇಲೆ ಅವಳೂ ಸುಕನ್ಯಳೂ ಕುಕ್ ಟೌನಿನ ಹಳೇ ಬಂಗಲೆಯ ಗೇಟಿಗೆ ಮುಖ ಒತ್ತಿ ನಿಂತಿದ್ದರು. ಬಂಗಲೆಯ ಅಮ್ಮಾವರು ತೀರಿಕೊಂಡು ಆರು ತಿಂಗಳಾಗಿತ್ತು. ಬಾಗಿಲಿಗೆ ಬೀಗ. ಅಂಗಳದಲ್ಲಿ ಮಾತ್ರ ಕಿತ್ತಳೆ ಬಣ್ಣದ ಡೇಸಿಗಳು ಐದು ಸಾಲಾಗಿ ಬೆಳೆದಿದ್ದವು. ಒಂದೊಂದರ ನಡುವೆಯೂ ಕಣ್ಣಿನಂಥ ಕಪ್ಪು ಉಂಗುರ.

ನಾಳೆ ಸೈನ್ಸ್ ಪ್ರಾಜೆಕ್ಟ್. ಡೇಸಿ ಕುಟುಂಬದ ಐದು ಹೂ ತರಬೇಕು. ಪೂಜೆಗೆ ತರುವ ಸೇವಂತಿಗೆಯೂ ಡೇಸಿಯ ನೆಂಟನೇ ಎಂದು ಮಿಸ್ ಹೇಳಿದಾಗ ಸುಕನ್ಯ ನಂಬಿರಲೇ ಇಲ್ಲ. ಸೇವಂತಿಗೆ, ಚೆಂಡುಹೂವು, ಸೂರ್ಯಕಾಂತಿ, ಜರ್ಬೆರಾ ಸಿಕ್ಕಿದ್ದವು. “ಐದನೇದು ನೀವ್ಯಾರೂ ನೋಡೇ ಇರಲ್ಲ” ಎಂದು ಅವಳು ಇಡೀ ಕ್ಲಾಸಿನ ಮುಂದೆ ಜಂಬ ಕೊಚ್ಚಿದ್ದಳು. ಬರಿಗೈಲಿ ಹೋದರೆ ಮಾನ ಮೂರಾಬಟ್ಟೆ.

ಎರಡನೇ ಸಾಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಮೂರನೆಯದು. ಗಾಳಿಯಿಲ್ಲ, ಸದ್ದಿಲ್ಲ. ಯಾರೋ ಮನೆಯೊಳಗಿಂದ ಹೊರಟು, ಹೂಗಳ ಕಣ್ಣು ಮುಚ್ಚಿಸುತ್ತ ಗೇಟಿನ ಕಡೆಗೇ ಬರುತ್ತಿರುವ ಹಾಗಿತ್ತು.

“ಹೋಗೋಣ ಬಾರೇ. ನಂಗೆ ಭಯ ಆಗ್ತಿದೆ.”

“ತಾಳೇ, ಇನ್ನೂ ಎರಡು ಸಾಲಿದೆ.” ಸುಕನ್ಯ ಕಂಬಿಯ ಸಂದಿಯಲ್ಲಿ ಕೈ ತೂರಿಸಿದಳು. ಹೂ ಎಟುಕಲಿಲ್ಲ.

“ಅವು ಮಲಗೋ ಹೊತ್ತು ಕಣಮ್ಮಾ.”

ಬಿಲ್ಕೀಸ್ ಚೀರಿಯೇಬಿಟ್ಟಳು. ಹಿಂದೆ ನಿಂತಿದ್ದವರು ತೋಟ ನೋಡಿಕೊಳ್ಳುವ ವೆಂಕಟಮ್ಮ.

“ಅಮ್ಮಾವ್ರು ದಿನಾ ಇದೇ ಹೊತ್ಗೆ ಬಂದು ಕೂತ್ಕೊಳ್ಳೋರು. ಸದ್ದು ಮಾಡ್ಬೇಡ ವೆಂಕಟಮ್ಮಾ, ಮಲಗ್ತಾವೆ ಅನ್ನೋರು.”

ಅಷ್ಟರಲ್ಲಿ ಕೊನೆಯ ಸಾಲೂ ಮುಚ್ಚಿತ್ತು. ಏನೋ ತಣ್ಣಗೆ ಕಾಲು ಮುಟ್ಟಿದಂತಾಗಿ ಸುಕನ್ಯ ಬೆಚ್ಚಿ ಕೆಳಗೆ ನೋಡಿದಳು. ಬಂಗಲೆಯ ನೆರಳು ಹೂವಿನ ಐದೂ ಸಾಲು ದಾಟಿ ಅವಳ ಶೂವರೆಗೂ ಬಂದಿತ್ತು.

ಪ್ರಾಜೆಕ್ಟಿನ ವಿಷಯ ಕೇಳಿದ ವೆಂಕಟಮ್ಮ ಗೇಟು ತೆಗೆದು, ಮುಚ್ಚಿಕೊಂಡಿದ್ದ ಒಂದು ಹೂವನ್ನೇ ಕಿತ್ತು ಕೊಟ್ಟರು.

ಮರುದಿನ ಕ್ಲಾಸಿನ ಮೂಲೆಯ ಮೇಜಿನ ಮೇಲೆ, ನೀರಿನ ಲೋಟದಲ್ಲಿ ಹೂ ಮುಚ್ಚಿಯೇ ಇತ್ತು.

“ಇದೇನಾ ನಿನ್ನ ಸ್ಪೆಷಲ್ ಡೇಸಿ? ಸತ್ತೋಗಿದೆ!” ಮುನೀಂದ್ರ ಕೂಗಿದ. ಎಲ್ಲರೂ ಘೊಳ್ಳೆಂದು ನಕ್ಕರು. ಸುಕನ್ಯಳಿಗೆ ಅಳುವೇ ಬಂತು.

ಆಗ ನಿನ್ನೆಯ ಆ ನೆರಳು ನೆನಪಾಯಿತು. ಅವಳು ಲೋಟವನ್ನು ಒಯ್ದು, ಬಿಸಿಲು ಬಿದ್ದಿದ್ದ ಕಿಟಕಿಯಲ್ಲಿಟ್ಟಳು.

“ಸದ್ದು ಮಾಡ್ಬೇಡ್ರೋ,” ಎಂದಳು ಮೆಲ್ಲಗೆ.

ಯಾಕೋ ಎಲ್ಲರೂ ಸುಮ್ಮನಾದರು. ಹೂ ಅಲುಗಲಿಲ್ಲ. ತನ್ನ ನೆರಳೇ ಅದರ ಮೇಲೆ ಬಿದ್ದಿರುವುದು ಸುಕನ್ಯಳಿಗೆ ಕಂಡಿತು.

ಅವಳು ಪಕ್ಕಕ್ಕೆ ಸರಿದು ನಿಂತು ಕಾದಳು.